ಕೆಲಸ ಮೊದಲು, ಪದವಿ ಆಮೇಲೆ

ಕೆಲಸ ಸಿಗದ ಪದವೀಧರರಿಗೆ ರಾಜ್ಯ ಸರಕಾರ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ. ಡಿಪ್ಲೊಮಾ ಮುಗಿಸಿದವರಿಗೆ 1,500. ಪಿಯುಸಿಗೇ ಓದು ನಿಲ್ಲಿಸಿದವರು ಆ ಪಟ್ಟಿಯಲ್ಲೇ ಇಲ್ಲ. ಪದವಿಗೆ ನಾವು ಕಟ್ಟಿದ ಬೆಲೆಯನ್ನು ಇಷ್ಟು ಚೊಕ್ಕವಾಗಿ ರೂಪಾಯಿ ಲೆಕ್ಕದಲ್ಲಿ ಬರೆದಿಟ್ಟ ಇನ್ನೊಂದು ಆದೇಶವನ್ನು ನಾನು ನೋಡಿಲ್ಲ. ಹಾಗಿದ್ದೂ ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲಿ ಪಿಯುಸಿ ಫಲಿತಾಂಶ ಬಂದ ವಾರ ಒಂದು ಪ್ರಶ್ನೆ ಈಗೀಗ ಸ್ವಲ್ಪ ಜೋರಾಗಿಯೇ ಕೇಳಿಬರುತ್ತಿದೆ: “ಡಿಗ್ರಿ ಇಲ್ಲದೆ ಐಟಿ ಕೆಲಸ ಸಿಗ್ತದಾ?”

ಸಿಗುತ್ತದೆ. ಯಾವ ಕೆಲಸ, ಯಾರ ಹತ್ತಿರ, ಎಷ್ಟು ದೂರದವರೆಗೆ ಎಂಬಲ್ಲಿ ನಿಜವಾದ ಉತ್ತರ ಶುರುವಾಗುತ್ತದೆ.

ಪ್ರಶ್ನೆ ಹುಟ್ಟಿದ್ದು ಓದಿನ ಆಲಸ್ಯದಿಂದ ಎಂದು ಹಿರಿಯರು ಭಾವಿಸಬೇಕಾಗಿಲ್ಲ. ಸಂಪಾಜೆ, ಅರಂತೋಡು, ಮರ್ಕಂಜದ ಕಡೆ ಹಳದಿ ಎಲೆ ರೋಗ ದಶಕಗಳಿಂದ ತೋಟಗಳನ್ನು ತಿನ್ನುತ್ತಾ ಬಂದಿದೆ. ಅದರ ಮೇಲೆ ಈಗ ಎಲೆಚುಕ್ಕಿ ರೋಗ. ಒಂದು ಕಾಲದಲ್ಲಿ ಎರಡು ಎಕರೆ ಅಡಿಕೆಯ ಧೈರ್ಯದಲ್ಲಿ ಮಗನಿಗೆ ಇಂಜಿನಿಯರಿಂಗ್ ಸೀಟು ತೆಗೆಯುತ್ತಿದ್ದರು. ಆ ಧೈರ್ಯ ಎಲ್ಲ ಅಂಗಳದಲ್ಲೂ ಉಳಿದಿಲ್ಲ. ತೋಟವೇ ಇಲ್ಲದ, ರಬ್ಬರ್ ಟ್ಯಾಪಿಂಗನ್ನೋ ಬೀಡಿಯನ್ನೋ ನಂಬಿಕೊಂಡ ಮನೆಗಳಲ್ಲಂತೂ ಕಾಲೇಜಿನ ಶುಲ್ಕಕ್ಕಿಂತ ದೊಡ್ಡ ಖರ್ಚು ಬೇರೆಯೇ ಉಂಟು: ನಾಲ್ಕು ವರ್ಷ ಮನೆಗೆ ಒಂದು ಪೈಸೆ ತಾರದೆ ಕೂರುವುದು.

ಹಾಗೆಂದು ನಮ್ಮಲ್ಲಿ ಕಾಲೇಜುಗಳಿಗೆ ಬರವಿಲ್ಲ. ಕುರುಂಜಿ ವೆಂಕಟರಮಣ ಗೌಡರು ಸುಳ್ಯದಂಥ ಸಣ್ಣ ಪೇಟೆಗೆ 1986ರಲ್ಲೇ ಇಂಜಿನಿಯರಿಂಗ್ ಕಾಲೇಜು ತಂದರು. ಪುತ್ತೂರಿನಲ್ಲಿ ವಿವೇಕಾನಂದ ಇಂಜಿನಿಯರಿಂಗ್ ಕಾಲೇಜು 2001ರಿಂದ ಇದೆ. 2018ರಲ್ಲಿ ತಾಲೂಕಾದ ಕಡಬದವರು ಇವೆರಡರಲ್ಲಿ ಹತ್ತಿರದ್ದಕ್ಕೆ ಬಸ್ಸು ಹತ್ತುತ್ತಾರೆ. ಇಷ್ಟು ಕಾಲ ‘ಐಟಿ’ ಎಂದರೆ ನಮಗೆ ಒಂದೇ ದಾರಿ: ಪಿಯುಸಿ ವಿಜ್ಞಾನ, ಸಿಇಟಿ, ಬಿಇ, ಕ್ಯಾಂಪಸ್ ಸೆಲೆಕ್ಷನ್, ಆಮೇಲೆ ರಾತ್ರಿ ಬಸ್ಸಲ್ಲಿ ಬೆಂಗಳೂರು. ದಾರಿ ಅಷ್ಟು ನೇರವಾಗಿದ್ದರಿಂದ ಪಕ್ಕದ ಒಳದಾರಿಗಳು ಕಣ್ಣಿಗೆ ಬೀಳಲಿಲ್ಲ.

ಕಂಪೆನಿಯ ಕಡೆಯಿಂದ ನೋಡಿದರೆ ಪದವಿ ಎರಡು ಕೆಲಸ ಮಾಡುತ್ತದೆ. ಒಂದು, ಸಾವಿರಾರು ಅರ್ಜಿಗಳನ್ನು ಸೋಸುವ ಜರಡಿ. ದೊಡ್ಡ ಸೇವಾ ಕಂಪೆನಿಗಳು ‘ಬಿಇ, ಎಲ್ಲ ಹಂತದಲ್ಲೂ ಶೇ. 60’ ಎಂದು ಮೊದಲೇ ಬರೆದುಬಿಟ್ಟರೆ ಓದಬೇಕಾದ ಅರ್ಜಿಗಳ ರಾಶಿ ಅರ್ಧಕ್ಕಿಳಿಯುತ್ತದೆ. ಹುಡುಗನಿಗೆ ಕೋಡಿಂಗ್ ಬರುತ್ತದೋ ಇಲ್ಲವೋ ಎಂಬ ವಿಚಾರಣೆ ಆಮೇಲಿನದು. ಇನ್ನೊಂದು, ಪರದೇಶದ ಕಾಗದಪತ್ರ. ಅಮೆರಿಕದ ಎಚ್-1ಬಿ ವೀಸಾಕ್ಕೆ ಪದವಿ ಅಥವಾ ಅದಕ್ಕೆ ಸಮನಾದದ್ದು ಬೇಕು. ಅಲ್ಲಿಯ ವಲಸೆ ಇಲಾಖೆ ಮೂರು ವರ್ಷದ ಕೆಲಸದ ಅನುಭವವನ್ನು ಒಂದು ವರ್ಷದ ಕಾಲೇಜಿಗೆ ಸಮ ಎಂದು ಎಣಿಸುತ್ತದೆ. ಪಿಯುಸಿಗೆ ನಿಲ್ಲಿಸಿದವನು ನಾಲ್ಕು ವರ್ಷದ ಪದವಿಗೆ ಸಮನಾಗಲು ಹನ್ನೆರಡು ವರ್ಷ ದುಡಿದು ತೋರಿಸಬೇಕು. ಜರ್ಮನಿ 2023ರ ನವೆಂಬರಿನಿಂದ ಈ ವಿಷಯದಲ್ಲಿ ಸಡಿಲವಾಗಿದೆ: ಐಟಿಯಲ್ಲಿ ಕಳೆದ ಏಳು ವರ್ಷಗಳಲ್ಲಿ ಕನಿಷ್ಠ ಮೂರು ವರ್ಷದ ತಕ್ಕ ಅನುಭವ, ಕೈಯಲ್ಲಿ ನಿಗದಿತ ಸಂಬಳದ ಕೆಲಸದ ಪತ್ರ ಇದ್ದರೆ ಪದವಿ ಇಲ್ಲದವರಿಗೂ ಬ್ಲೂ ಕಾರ್ಡ್ ಕೊಡುತ್ತದೆ.

ಅಂದರೆ ಕೋಡ್ ಬರೆಯಲು, ಸರ್ವರ್ ನೋಡಿಕೊಳ್ಳಲು, ಸಾಫ್ಟ್‌ವೇರ್ ಪರೀಕ್ಷಿಸಲು ಪದವಿ ಬೇಕಾಗಿಲ್ಲ. ಬೇಕಾಗುವುದು ಗೇಟು ದಾಟಲು. ಗೇಟು ಇಲ್ಲದ ಕಡೆ ಒಳಗೆ ಹೋಗಿ, ಗೇಟು ಎದುರಾಗುವ ಹೊತ್ತಿಗೆ ಪದವಿಯನ್ನೂ ಕೈಯಲ್ಲಿಟ್ಟುಕೊಳ್ಳಬಹುದಲ್ಲ? ನಮ್ಮ ಮೂರು ತಾಲೂಕುಗಳ ಮಟ್ಟಿಗೆ ಬುದ್ಧಿವಂತಿಕೆಯ ಲೆಕ್ಕ ಇದೇ ಎಂದು ನನಗೆ ಅನಿಸುತ್ತದೆ.

ಮೊದಲ ಬಾಗಿಲು ಮನೆಯ ಹತ್ತಿರವೇ ಇದೆ, ಆದರೆ ಅದರ ಮೇಲೆ ನಮಗೆ ಸ್ವಲ್ಪ ತಾತ್ಸಾರ. ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷದ ಡಿಪ್ಲೊಮಾ. ಪುತ್ತೂರಿನ ವಿವೇಕಾನಂದ ಪಾಲಿಟೆಕ್ನಿಕ್, ಸುಳ್ಯದ ಕೆವಿಜಿ ಪಾಲಿಟೆಕ್ನಿಕ್ ಎರಡೂ ಹಳೆಯ ಸಂಸ್ಥೆಗಳು. 2020-21ರಲ್ಲಿ ಬಂದ ಸಿ-20 ಪಠ್ಯಕ್ರಮದಲ್ಲಿ ಕೊನೆಯ ಸೆಮಿಸ್ಟರನ್ನು ಇಂಟರ್ನ್‌ಶಿಪ್ಪಿಗೂ ಪ್ರಾಜೆಕ್ಟಿಗೂ ಬಿಟ್ಟುಕೊಟ್ಟರು. ಕಂಪೆನಿಯೊಳಗೆ ಕೂತು ಕೆಲಸ ನೋಡುವ ಅವಕಾಶ ಬಿಇ ಹುಡುಗರಿಗಿಂತ ಮೊದಲು ಇವರಿಗೆ ಸಿಗುತ್ತದೆ. ಮುಂದೆ ಮನಸ್ಸಾದರೆ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರ ಎರಡನೇ ವರ್ಷದ ಬಿಇಗೆ ಸೇರಬಹುದು. ಆ ಬಾಗಿಲು ಮುಚ್ಚುವುದಿಲ್ಲ. ಇನ್ನೂ ಚಿಕ್ಕದು ಬೇಕೆಂದರೆ ಐಟಿಐಯಲ್ಲಿ ‘ಕೋಪಾ’ ಎಂಬ ಕಂಪ್ಯೂಟರ್ ಆಪರೇಟರ್ ಮತ್ತು ಪ್ರೋಗ್ರಾಮಿಂಗ್ ಅಸಿಸ್ಟೆಂಟ್ ಕೋರ್ಸು, ಒಂದೇ ವರ್ಷ. ಅದೊಂದನ್ನೇ ಹಿಡಿದುಕೊಂಡು ಬೆಂಗಳೂರಿನಲ್ಲಿ ಡೆವಲಪರ್ ಆಗುತ್ತೇನೆಂದು ಹೊರಡುವುದು ಬೇಡ. ಪಂಚಾಯತ್‌ನ ಡೇಟಾ ಎಂಟ್ರಿ, ಗ್ರಾಮ ಒನ್ ಕೇಂದ್ರ, ಕಂಪ್ಯೂಟರ್ ಅಂಗಡಿಯ ಕೆಲಸಕ್ಕೆ ಅದು ಸಾಕು.

ಪಿಯುಸಿ ಮುಗಿಸಿದವರನ್ನೇ ನೇರ ತೆಗೆದುಕೊಳ್ಳುವ ದೊಡ್ಡ ಕಂಪೆನಿಗಳೂ ಇವೆ. ಎಚ್‌ಸಿಎಲ್‌ನ ‘ಟೆಕ್‌ಬೀ’ ಎಂಬ ಯೋಜನೆಯಲ್ಲಿ ಸುಮಾರು ಒಂದು ವರ್ಷದ ತರಬೇತಿ, ಆಮೇಲೆ ಅಲ್ಲೇ ಕೆಲಸ, ಕೆಲಸದ ಜತೆ ಪದವಿ ಓದಲು ವಿಶ್ವವಿದ್ಯಾಲಯಗಳೊಡನೆ ಒಪ್ಪಂದ. ಸಾಫ್ಟ್‌ವೇರ್ ವಿಭಾಗಕ್ಕೆ ಪಿಯುಸಿಯಲ್ಲಿ ಗಣಿತ ಇರಬೇಕು. ಶುರುವಿನ ಸಂಬಳ ವರ್ಷಕ್ಕೆ ಎರಡು ಲಕ್ಷದ ಆಸುಪಾಸು. ಬೆಂಗಳೂರಿನ ಬಾಡಿಗೆ ಕೊಟ್ಟು ಮನೆಗೆ ಕಳಿಸಲು ಹೆಚ್ಚೇನೂ ಉಳಿಯದು. ತರಬೇತಿಗೆ ಶುಲ್ಕವೂ ಉಂಟು, ಅದನ್ನು ಹೇಗೆ ಕಟ್ಟುವುದು, ಮಧ್ಯದಲ್ಲಿ ಬಿಟ್ಟರೆ ಏನಾಗುತ್ತದೆ ಎಂಬ ಷರತ್ತುಗಳನ್ನು ಅಪ್ಪ-ಅಮ್ಮ ಕೂತು ಓದಬೇಕು. ತಮಿಳುನಾಡಿನ ಜೋಹೊ ಇನ್ನೊಂದು ಮಾದರಿ. ಅವರು ಶಾಲೆಯನ್ನೇ ಕಟ್ಟಿ, ಹನ್ನೆರಡನೇ ತರಗತಿ ಅಥವಾ ಡಿಪ್ಲೊಮಾ ಮುಗಿಸಿದವರಿಗೆ ಶುಲ್ಕವಿಲ್ಲದೆ, ಸ್ಟೈಪೆಂಡ್ ಕೊಟ್ಟು ಎರಡು ವರ್ಷ ಕಲಿಸಿ ತಮ್ಮಲ್ಲೇ ಕೆಲಸ ಕೊಡುತ್ತಾರೆ. 2011ರಲ್ಲಿ ಅವರು ಕಚೇರಿ ತೆರೆದ ತೆಂಕಾಶಿ, ಸುಳ್ಯದ ಹಾಗೆಯೇ ಪಶ್ಚಿಮ ಘಟ್ಟದ ಬುಡದ ಊರು. ಉಡುಪಿಯಲ್ಲಿ 1996ರಲ್ಲಿ ಶುರುವಾದ ರೋಬೊಸಾಫ್ಟ್ ಸಣ್ಣ ಊರಲ್ಲಿ ಕೂತು ಹೊರದೇಶಕ್ಕೆ ಸಾಫ್ಟ್‌ವೇರ್ ಮಾಡಬಹುದೆಂದು ಕರಾವಳಿಗೆ ತೋರಿಸಿತ್ತು. ಆದರೆ ಪಿಯುಸಿ ಹುಡುಗರನ್ನು ಕೂರಿಸಿ ಕಲಿಸುವ ತೆಂಕಾಶಿಯ ಆ ಕೆಲಸವನ್ನು ಪುತ್ತೂರಲ್ಲಿ ಯಾರಾದರೂ ಯಾಕೆ ಮಾಡಬಾರದು? ಇಲ್ಲಿಂದ ಹೋಗಿ ಕಂಪೆನಿ ಕಟ್ಟಿದವರೇನು ಕಡಿಮೆಯೆ?

ಈ ಚರ್ಚೆ ಪುತ್ತೂರಿನಲ್ಲಿ ನಡೆದರೆ ಯಾರಾದರೊಬ್ಬರು ಪರ್ಲಡ್ಕದ ಬಾಲವನದ ಕಡೆ ಕೈ ತೋರಿಸಿಯೇ ತೋರಿಸುತ್ತಾರೆ. ಗಾಂಧೀಜಿಯ ಕರೆಗೆ ಕಾಲೇಜು ಬಿಟ್ಟ ಶಿವರಾಮ ಕಾರಂತರು ಪದವಿ ಇಲ್ಲದೆಯೇ ವಿಜ್ಞಾನದ ವಿಶ್ವಕೋಶ ಬರೆದರಲ್ಲ ಎಂಬ ಮಾತು. ನಿಜ. ಆದರೆ ಕಾರಂತರು ಯಾವ ಎಚ್‌ಆರ್ ವಿಭಾಗಕ್ಕೂ ಅರ್ಜಿ ಹಾಕಿದವರಲ್ಲ, ಹದಿನೆಂಟರ ಹುಡುಗನಿಗೆ ಅವರನ್ನು ಮಾದರಿ ಮಾಡುವುದು ಅನ್ಯಾಯ. ನನಗೆ ಹೆಚ್ಚು ಹತ್ತಿರದ್ದೆನಿಸುವುದು ಇದೇ ಪುತ್ತೂರಿನಿಂದ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’. ಕೃಷಿಕರ ಕೈಗೆ ಲೇಖನಿ ಎಂಬುದು ಅದರ ಪಟ್ಟು. ಬರೆಯುವವನು ಏನು ಓದಿದ್ದಾನೆಂದು ಕೇಳದೆ, ತೋಟದಲ್ಲಿ ಏನು ಮಾಡಿದ್ದಾನೆ, ಅದನ್ನು ತಿಳಿಯುವಂತೆ ಬರೆದಿದ್ದಾನೆಯೇ ಎಂದು ನೋಡಿದರು. ಸಾಫ್ಟ್‌ವೇರಿನಲ್ಲೂ ಅಂಥ ಜಾಗಗಳಿವೆ. ಅಲ್ಲಿ ಅಂಕಪಟ್ಟಿಯ ಬದಲು ಮಾಡಿದ ಕೆಲಸವನ್ನೇ ಬಿಚ್ಚಿ ನೋಡುತ್ತಾರೆ.

ಹಾಗಾದರೆ ತೋರಿಸಲು ಏನು ಮಾಡಬೇಕು? ಯೂಟ್ಯೂಬ್ ನೋಡಿ ಎಲ್ಲರೂ ಮಾಡುವ ಸಿನಿಮಾ ತಾಣದ ನಕಲು, ಮಾಡಬೇಕಾದ ಕೆಲಸಗಳ ಪಟ್ಟಿಯ ಆ್ಯಪ್ ಬೇಡ. ಸಂದರ್ಶನ ಮಾಡುವವನು ಅಂಥವನ್ನು ದಿನಕ್ಕೆ ಹತ್ತು ನೋಡಿರುತ್ತಾನೆ. ನಮ್ಮಲ್ಲಿ ಬೇರೆ ಯಾರಲ್ಲೂ ಇಲ್ಲದ ಸಾಮಗ್ರಿ ಉಂಟು: ಮಳೆ ಲೆಕ್ಕ. ಸುಳ್ಯ, ಪುತ್ತೂರು, ಕಡಬದ ಹಲವು ಕೃಷಿಕರ ಅಂಗಳದಲ್ಲಿ ಮಳೆಮಾಪಕ ಇದೆ. ಬೆಳಿಗ್ಗೆ ಎದ್ದು ಅಳೆದು ಡೈರಿಯಲ್ಲಿ ಬರೆಯುತ್ತಾರೆ. ಕೆಲವರ ದಾಖಲೆ ದಶಕಗಳಷ್ಟು ಹಿಂದಿನದು. ಅಂಥ ಒಬ್ಬರ ಒಪ್ಪಿಗೆ ಪಡೆದು ಆ ಡೈರಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಹಿಡಿಯಿರಿ.

ಹಿಡಿದ ಮೇಲೆ ತಿಳಿಯುತ್ತದೆ ಅದರ ಆಳ. ಹಳೆಯ ಪುಟಗಳಲ್ಲಿ ಇಂಚು, ಹೊಸದರಲ್ಲಿ ಮಿಲಿಮೀಟರ್. ಮದುವೆಗೆ ಹೋದ ಎರಡು ದಿನ ಖಾಲಿ. ಖಾಲಿ ಎಂದರೆ ಮಳೆಯೇ ಇಲ್ಲವೆಂದೋ, ಅಳೆದಿಲ್ಲವೆಂದೋ? ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನ ಮುಗಿಯುವುದು ಬೆಳಿಗ್ಗೆ ಎಂಟೂವರೆಗೆ. ಇಂದು ಬೆಳಿಗ್ಗೆ ಅಳೆದ ಮಳೆಗೆ ಇವರು ನಿನ್ನೆಯ ತಾರೀಕು ಹಾಕಿದ್ದಾರೋ ಇಂದಿನದೋ? ಇವೆಲ್ಲ ಇತ್ಯರ್ಥವಾದ ಮೇಲೆ ಡೇಟಾಬೇಸ್‌ನಲ್ಲಿ ಹೇಗೆ ಇಡುವುದು, ಪೈಥಾನ್‌ನಲ್ಲಿ ತಿಂಗಳ ಸರಾಸರಿ ಹೇಗೆ ತೆಗೆಯುವುದು, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತ್ ಮಟ್ಟದಲ್ಲಿ ಕೊಡುವ ಮಳೆಯ ಅಂಕಿಗಳ ಪಕ್ಕ ಇಟ್ಟರೆ ಎಲ್ಲಿ ಹೊಂದುತ್ತದೆ, ಎಲ್ಲಿ ಇಲ್ಲ, ಅದನ್ನು ಮೊಬೈಲ್‌ನಲ್ಲಿ ನೋಡುವಂಥ ಗ್ರಾಫ್ ಹೇಗೆ ಮಾಡುವುದು, ವೆಬ್‌ಗೆ ಹೇಗೆ ಏರಿಸುವುದು, ಕೋಡನ್ನು ಗಿಟ್‌ಹಬ್‌ನಲ್ಲಿ ಹೇಗೆ ಇಡುವುದು. ಡೇಟಾ ಎಂಜಿನಿಯರ್ ಎಂಬವರು ಕಂಪೆನಿಗಳಲ್ಲಿ ದಿನವಿಡೀ ಮಾಡುವುದು ಇದನ್ನೇ, ಮಳೆಯ ಬದಲು ಬ್ಯಾಂಕಿನ ಲೆಕ್ಕ ಇರುತ್ತದೆ ಅಷ್ಟೆ. ಸಂದರ್ಶನದಲ್ಲಿ “ಖಾಲಿ ದಿನಕ್ಕೆ ಸೊನ್ನೆ ಯಾಕೆ ಹಾಕಲಿಲ್ಲ?” ಎಂದು ಕೇಳಿದಾಗ ಕಾರಣ ಹೇಳಬಲ್ಲ ಹುಡುಗಿಯ ಕಾಲೇಜು ಯಾವುದೆಂಬುದು ಆ ಹೊತ್ತಿಗಾದರೂ ಮರೆತುಹೋಗುತ್ತದೆ.

ಭಾಷೆಯೂ ಅಂಥದ್ದೇ ಸಾಮಗ್ರಿ. ತುಳು ವಿಕಿಪೀಡಿಯ 2016ರಲ್ಲಿ ಬಂತು, ಗೂಗಲ್ ಅನುವಾದಕ್ಕೆ ತುಳು 2024ರಲ್ಲಿ ಸೇರಿತು, ಅದೇ ವರ್ಷ ಯುನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿಗೆ ಜಾಗ ಸಿಕ್ಕಿತು. ಯುನಿಕೋಡ್‌ನಲ್ಲಿ ಜಾಗ ಸಿಕ್ಕ ಮೇಲೆ ಫಾಂಟು, ಕೀಲಿಮಣೆ, ಪರೀಕ್ಷೆ, ಮೊಬೈಲಿಗೆ ಹೊಂದಿಸುವುದು ಎಂದು ಸಾಲುಸಾಲು ಕೆಲಸ. ಸುಳ್ಯದ ಅರೆಭಾಷೆಗಂತೂ ಇನ್ನೂ ಹೆಚ್ಚು. ಇದರಲ್ಲಿ ಸಂಬಳ ತಕ್ಷಣ ಸಿಗದು. ಆದರೆ ಮುಕ್ತ ತಂತ್ರಾಂಶದ ಲೋಕದಲ್ಲಿ ಹೆಸರು ಬರುವುದು ಹೀಗೆಯೇ. ಅಂಥ ತಂತ್ರಾಂಶಕ್ಕೆ ಹೊಸಬರಿಂದ ಕೋಡ್ ಬರೆಸುವ ‘ಗೂಗಲ್ ಸಮ್ಮರ್ ಆಫ್ ಕೋಡ್’ ಯೋಜನೆ 2022ರಿಂದ ವಿದ್ಯಾರ್ಥಿಗಳಲ್ಲದ, ಹದಿನೆಂಟು ತುಂಬಿದ ಹೊಸಬರಿಗೂ ತೆರೆದಿದೆ, ಗೌರವಧನವೂ ಉಂಟು.

ಕೋಡಿಂಗ್ ಎಲ್ಲರಿಗೂ ಒಗ್ಗುವುದಿಲ್ಲ, ಒಗ್ಗಬೇಕಾಗಿಯೂ ಇಲ್ಲ. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಒಂದು ಚಿತ್ರ ದೇಶವಿಡೀ ಓಡಾಡಿತ್ತು: ನೆಟ್‌ವರ್ಕ್ ಹುಡುಕಿ ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುವ ಮಗಳು, ಮೇಲೆ ಕೊಡೆ ಹಿಡಿದು ನಿಂತ ಅಪ್ಪ. ಅದಾದ ಮೇಲೆ ಒಳಗಿನ ಊರುಗಳಿಗೂ ಫೈಬರ್ ತಂತಿ ಹರಿದಾಡತೊಡಗಿತು. ಅಡಿಕೆ ಮರದಿಂದ ಮರಕ್ಕೆ ಎಳೆದ ಆ ತಂತಿ ಪ್ರತಿ ಗಾಳಿಮಳೆಗೂ ಕಡಿಯುತ್ತದೆ, ಯಾರೋ ಹೋಗಿ ಜೋಡಿಸುತ್ತಾರೆ. ಆ ‘ಯಾರೋ’ ಈಗಾಗಲೇ ಐಟಿಯ ಒಳಗೆ ಒಂದು ಕಾಲಿಟ್ಟವನು, ಅವನಿಗೇ ಅದು ಗೊತ್ತಿರುವುದಿಲ್ಲ. ಫೈಬರ್ ಜೋಡಿಸುವುದು, ರೂಟರ್ ಹಾಕುವುದು, ಸಿಸಿಟಿವಿ ಕೂರಿಸುವುದು ಬಲ್ಲವನು ಒಂದು ವರ್ಷ ಕೂತು ನೆಟ್‌ವರ್ಕಿಂಗ್ ಓದಿ ಸಿಸ್ಕೋದ ಸಿಸಿಎನ್‌ಎ ಪರೀಕ್ಷೆ ಬರೆಯಬಹುದು. ಪದವಿ ಕೇಳುವುದಿಲ್ಲ. ಶುಲ್ಕ 300 ಡಾಲರ್, ನಮ್ಮ ದುಡ್ಡಿನಲ್ಲಿ 25 ಸಾವಿರದ ಮೇಲೆ. ಆದ್ದರಿಂದ ತಯಾರಾಗದೆ ಹೋಗುವ ಪರೀಕ್ಷೆಯಲ್ಲ. ಲಿನಕ್ಸ್ ಇಷ್ಟವಿದ್ದರೆ ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ. ಅಲ್ಲಿ ನಾಲ್ಕರಲ್ಲಿ ಒಂದು ಉತ್ತರಕ್ಕೆ ಗುರುತು ಹಾಕುವ ಆಟವಿಲ್ಲ, ಎದುರಿಗಿರುವ ಯಂತ್ರವನ್ನು ಸರಿಪಡಿಸಿ ತೋರಿಸಬೇಕು. ಹಾಳೆಯಲ್ಲಿ ಬರೆಯಲು ತಡವರಿಸುವ, ಕೈಗೆ ಕೊಟ್ಟರೆ ಮಾಡುವ ನಮ್ಮ ಹುಡುಗರಿಗೆ ಹೇಳಿ ಮಾಡಿಸಿದ ಪರೀಕ್ಷೆ ಅದು.

ಊರಲ್ಲೇ ಇರುವ ಇನ್ನೊಂದು ಬಾಗಿಲು ಸೊಸೈಟಿ. ದೇಶದ 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಒಂದೇ ತಂತ್ರಾಂಶಕ್ಕೆ ತರುವ ಯೋಜನೆಗೆ ಕೇಂದ್ರ 2022ರಲ್ಲಿ 2,516 ಕೋಟಿ ರೂಪಾಯಿಯ ಒಪ್ಪಿಗೆ ಕೊಟ್ಟಿತು. ತಂತ್ರಾಂಶ ದಿಲ್ಲಿಯಿಂದ ಬರಬಹುದು; ಹಳೆಯ ಲೆಡ್ಜರ್‌ನಿಂದ ಸದಸ್ಯರ ಸಾಲದ ಬಾಕಿಯನ್ನು ತಪ್ಪಿಲ್ಲದೆ ಅದಕ್ಕೆ ದಾಟಿಸುವುದು, ಕಾರ್ಯದರ್ಶಿಗೆ ಕಲಿಸುವುದು, ಮಾರ್ಚ್ 31ರ ರಾತ್ರಿ ಕೈಕೊಟ್ಟಾಗ ಓಡಿ ಬರುವುದು ಊರಿನವರಿಂದಲೇ ಆಗಬೇಕು. ಸಂಬಳ ಸಣ್ಣದು. ಆದರೆ ಬ್ಯಾಂಕಿಂಗ್ ತಂತ್ರಾಂಶದ ಒಳಹೊರಗು ಕಂಡವನಿಗೆ ಮುಂದೆ ಸಪೋರ್ಟ್ ಎಂಜಿನಿಯರ್ ಕೆಲಸಕ್ಕೆ ಹೋಗುವಾಗ ಹೇಳಲು ಮಾತಿರುತ್ತದೆ.

ಕಲಿಕೆಗೆ ದುಡ್ಡು ಸುರಿಯಬೇಕಾಗಿಲ್ಲ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಕನ್ನಡದಲ್ಲೂ ಇವೆ, ಹಾರ್ವರ್ಡ್‌ನ ಸಿಎಸ್50 ಪುಕ್ಕಟೆ, ಎನ್‌ಪಿಟೆಲ್‌ನಲ್ಲಿ ಪಾಠ ಉಚಿತ, ಪರೀಕ್ಷೆಗಷ್ಟೇ ಶುಲ್ಕ. ಕನ್ನಡ ಮಾಧ್ಯಮದಿಂದ ಬಂದವರನ್ನು ಹೆದರಿಸುವುದು ಇಂಗ್ಲಿಷ್. ನಿರರ್ಗಳ ಮಾತು ಬೇಕಾಗಿಲ್ಲ. ಎರರ್ ಸಂದೇಶವನ್ನು ಪೂರ್ತಿ ಓದುವ, ನಾಲ್ಕು ಸಾಲಿನ ಇಮೇಲ್ ತಪ್ಪಿಲ್ಲದೆ ಬರೆಯುವ ಇಂಗ್ಲಿಷ್ ಬೇಕು. ಅದು ಆರು ತಿಂಗಳ ಹಟದಿಂದ ಬರುವಂಥದ್ದು.

ಈಗಿನ ಕಾಲವನ್ನು ಮುಚ್ಚಿಟ್ಟು ಬರೆದರೆ ಮೋಸವಾದೀತು. ಟಿಸಿಎಸ್‌ನಂಥ ಕಂಪೆನಿ 2025ರಲ್ಲಿ ತನ್ನ ಶೇ. 2ರಷ್ಟು, ಅಂದರೆ ಸುಮಾರು 12 ಸಾವಿರ ಮಂದಿಯನ್ನು ಕಡಿಮೆ ಮಾಡುವುದಾಗಿ ಹೇಳಿತು. ಹೊಸಬರಿಗೆ ಕೊಡುತ್ತಿದ್ದ ಸಣ್ಣಪುಟ್ಟ ಕೋಡಿಂಗನ್ನು ಈಗ ಎಐ ಬರೆಯುತ್ತಿದೆ. ಇದರ ಹೊಡೆತ ಪದವಿ ಇದ್ದವರಿಗೂ ಇಲ್ಲದವರಿಗೂ ಬೀಳುತ್ತದೆ, ಇಲ್ಲದವರಿಗೆ ಸ್ವಲ್ಪ ಜಾಸ್ತಿ: ಸ್ಥಾನ ಹತ್ತು, ಅರ್ಜಿ ಸಾವಿರ ಆದಾಗ ಜರಡಿಯ ಕಣ್ಣು ಇನ್ನೂ ಸಣ್ಣದಾಗುತ್ತದೆ. ಆ ಕಾರಣಕ್ಕೇ ಕೋಡ್ ಬರೆಯುವುದೊಂದನ್ನೇ ಕಲಿತವನಿಗಿಂತ ಸೊಸೈಟಿಯ ಲೆಕ್ಕ, ಮಳೆಯ ಅಂಕಿ, ನೆಟ್‌ವರ್ಕಿನ ತಂತಿ ಹೀಗೆ ಒಂದಾದರೂ ವಿಷಯವನ್ನು ಮುಟ್ಟಿ ಬಲ್ಲವನಿಗೆ ಉಳಿಗಾಲ ಹೆಚ್ಚು ಎಂಬುದು ನನ್ನ ಅಂದಾಜು.

ಗೇಟು ಇಲ್ಲದ ಕಡೆ ಕಳ್ಳರೂ ಸುಲಭವಾಗಿ ನುಗ್ಗುತ್ತಾರೆ. ‘ಶೇ. 100 ಪ್ಲೇಸ್‌ಮೆಂಟ್’ ಎಂದು ಬರೆದ ತರಬೇತಿ ಕೇಂದ್ರಕ್ಕೆ ದುಡ್ಡು ಕಟ್ಟುವ ಮೊದಲು ಹಿಂದಿನ ಬ್ಯಾಚಿನ ಇಬ್ಬರ ಹತ್ತಿರ ಮಾತಾಡಿಸಿ ಎಂದು ಕೇಳಿ. ಮಾತಾಡಿಸದಿದ್ದರೆ ಎದ್ದು ಬನ್ನಿ. ಮೂಲ ಅಂಕಪಟ್ಟಿಯನ್ನು ಯಾರ ಕೈಯಲ್ಲೂ ಬಿಡಬೇಡಿ. ಮನೆಯಲ್ಲೇ ಟೈಪಿಂಗ್ ಎಂದು ನಂಬಿಸಿ, ಆಮೇಲೆ ತಪ್ಪು ಹೆಚ್ಚಾಯಿತೆಂದು ವಕೀಲರ ನೋಟಿಸು ತೋರಿಸಿ ಹಣ ಕೀಳುವ ದಂಧೆ ಹಳೆಯದು. ಡೇಟಾ ಎಂಟ್ರಿ ಎಂದು ಕಾಂಬೋಡಿಯಾಕ್ಕೋ ಮ್ಯಾನ್ಮಾರಿಗೋ ಕರೆದೊಯ್ದು ಸೈಬರ್ ವಂಚನೆಗೆ ದುಡಿಸಿಕೊಳ್ಳುವುದು ಹೊಸತು. ಗಲ್ಫ್ ಏಜೆಂಟರನ್ನು ಕಂಡ ಕರಾವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಮಕ್ಕಳು ಹೋಗುತ್ತಿದ್ದಾರೆ. ಇನ್ನು ಪದವಿಯನ್ನೇ ಕೊಂಡು ತರುವ ಯೋಚನೆ ಇದ್ದರೆ ಬಿಟ್ಟುಬಿಡಿ. ಹಿನ್ನೆಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದವನಿಗೆ ಪದವಿ ಇಲ್ಲದವನಿಗಿಂತ ಕೆಟ್ಟ ಗತಿ.

ನಿಜವಾದ ಪದವಿಯೇ ಅಷ್ಟೇನೂ ದೂರವಿಲ್ಲ. ಎಚ್‌ಆರ್ ಬಿಟ್ಟರೂ ಸಂಬಂಧ ಕುದುರಿಸುವವರು ಬಿಡುವುದಿಲ್ಲ, “ಹುಡುಗ ಎಂತ ಓದಿದ್ದು?” ಎಂದು ಕೇಳಿಯೇ ಕೇಳುತ್ತಾರೆ; ಆ ಒಂದು ಕಾರಣಕ್ಕಾದರೂ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಕೆಲಸ ಹಿಡಿದ ಮೊದಲ ವರ್ಷವೇ ನೋಂದಾಯಿಸಿದರೆ ಮೂರ್ನಾಲ್ಕು ವರ್ಷದ ಅನುಭವವೂ ಪದವಿಯೂ ಒಟ್ಟಿಗೆ ಕೈಸೇರುತ್ತವೆ, ಅದೂ ಸ್ವಂತ ಸಂಬಳದಲ್ಲಿ. ಇಗ್ನೋದಲ್ಲಿ ಬಿಸಿಎ ಇದೆ. ಐಐಟಿ ಮದ್ರಾಸ್ 2020ರಲ್ಲಿ ಶುರುಮಾಡಿದ ಡೇಟಾ ಸೈನ್ಸ್ ಪದವಿಗೆ ಜೆಇಇ ಬೇಕಿಲ್ಲ. ನಾಲ್ಕು ವಾರದ ಪಾಠ ಕೇಳಿ ಅರ್ಹತಾ ಪರೀಕ್ಷೆ ಪಾಸಾದರೆ ಸಾಕು, ಪಿಯುಸಿಯಲ್ಲಿ ವಾಣಿಜ್ಯ ಓದಿದವರೂ ಸೇರಬಹುದು. ಹಂತಹಂತಕ್ಕೆ ಸರ್ಟಿಫಿಕೇಟ್, ಡಿಪ್ಲೊಮಾ ಕೊಡುವುದರಿಂದ ಮಧ್ಯದಲ್ಲಿ ನಿಲ್ಲಿಸಿದರೂ ಬರಿಗೈಯಲ್ಲ. ಪಾಠ ಆನ್‌ಲೈನ್, ಪರೀಕ್ಷೆ ಮಾತ್ರ ಕೇಂದ್ರಕ್ಕೆ ಹೋಗಿ ಬರೆಯಬೇಕು. ಮೈಸೂರಿನ ಮುಕ್ತ ವಿಶ್ವವಿದ್ಯಾಲಯವಂತೂ ನಮ್ಮ ಕಡೆಯ ಎಷ್ಟೋ ಮಂದಿಗೆ ಕೆಲಸದ ಜತೆ ಡಿಗ್ರಿ ಕೊಟ್ಟಿದೆ. ಯುಜಿಸಿ 2015ರಲ್ಲಿ ಅದರ ಮಾನ್ಯತೆ ಇಲ್ಲವೆಂದು ಹೇಳಿ, 2018ರಲ್ಲಿ ಮರಳಿ ಕೊಡುವವರೆಗೆ ಸಾವಿರಾರು ವಿದ್ಯಾರ್ಥಿಗಳು ಕಂಗಾಲಾಗಿದ್ದರು. ಆದ್ದರಿಂದ ಎಲ್ಲಿ ಸೇರುವುದಿದ್ದರೂ ಆ ವರ್ಷ, ಆ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಿಯೇ ಹಣ ಕಟ್ಟಬೇಕು. ಇಗ್ನೋದಂಥ ಮುಕ್ತ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ ವರ್ಷಕ್ಕೆರಡು ಸಲ ನಡೆಯುತ್ತದೆ. ಜುಲೈಯದು ತಪ್ಪಿಹೋದರೆ ಜನವರಿಯದು ಉಂಟು.